ಅಟ್ಟದಿಂದಿಳಿದ ಯಾಶಿಕಾ

ಹಳೆಯ ಲೆನ್ಸ್ ಕೊಳ್ಳಲು ಹೊರಟವರ ಜೇಬಿನಲ್ಲಿ ದುಡ್ಡಿಗಿಂತ ಮೊದಲು ಒಂದು ಪುಟ್ಟ ಟಾರ್ಚ್ ಇರಬೇಕು. ಅಂಗಡಿಯ ಬೆಳಕಿನಲ್ಲಿ ಎಲ್ಲ ಲೆನ್ಸುಗಳೂ ಥಳಥಳಿಸುತ್ತವೆ. ಅಪರ್ಚರನ್ನು ಪೂರ್ತಿ ತೆರೆದು, ಹಿಂಬದಿಯಿಂದ ಟಾರ್ಚ್ ಬಿಟ್ಟು, ಮುಂಬದಿಯಿಂದ ಸ್ವಲ್ಪ ಓರೆಯಾಗಿ ಇಣುಕಿದಾಗಲೇ ಒಳಗಿನ ಅಸಲಿ ಸಂಗತಿ ಗೊತ್ತಾಗುವುದು. ಅಲ್ಲಿ ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆಯಿಲ್ಲ. ಐವತ್ತು ವರ್ಷದ ಲೆನ್ಸಿನಲ್ಲಿ ಅಷ್ಟು ಧೂಳು ಇದ್ದೇ ಇರುತ್ತದೆ. ಅಂಚಿನಿಂದ ಒಳಕ್ಕೆ ಹಬ್ಬಿದ ಬಿಳಿಯ ಎಳೆಗಳು ಜೇಡನ ಬಲೆಯಂತೆ ಕಂಡರೆ ಅದು ಫಂಗಸ್. ಗಾಜಿಡೀ ಮಸುಕಾಗಿದ್ದರೆ ಅದು ಹೇಜ್: ಬಹಳ ಸಲ ಒಳಗಿನ ಗ್ರೀಸು ಆವಿಯಾಗಿ ಗಾಜಿಗೆ ಅಂಟಿಕೊಂಡದ್ದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಮೂಡಿದ್ದರೆ ಎರಡು ಗಾಜುಗಳನ್ನು ಕೂಡಿಸಿದ ಕೆನಡಾ ಬಾಲ್ಸಮ್ ಎಂಬ ಮರದ ಅಂಟು ಬಿಟ್ಟುಕೊಳ್ಳುತ್ತಿದೆ ಎಂದರ್ಥ. ಹೇಜನ್ನು ಸಾಮಾನ್ಯವಾಗಿ ಒರೆಸಿ ತೆಗೆಯಬಹುದು. ಅಂಟು ಬಿಟ್ಟರೆ ಸರಿಪಡಿಸುವುದು ತೀರಾ ಕಷ್ಟ. ಫಂಗಸ್ ಇವೆರಡರ ನಡುವಿನದು. ನಮ್ಮ ನೆಲದಲ್ಲಿ ಹಳೆಯ ಕ್ಯಾಮೆರಾ ವ್ಯಾಪಾರದ ಅರ್ಧ ಕಥೆ ಅದರದ್ದೇ.

ಗಾಳಿಯಲ್ಲಿ ತೇವಾಂಶ ಶೇ 60 ದಾಟಿ, ಜೊತೆಗೆ ಕತ್ತಲೆಯೂ ಮಿಸುಕಾಡದ ಗಾಳಿಯೂ ಸಿಕ್ಕರೆ ಬೂಷ್ಟು ಬೇರೂರಲು ಅಷ್ಟು ಸಾಕು. ಗಾಜಿಗೆ ಹತ್ತಿದ ಬೆರಳಿನ ಜಿಡ್ಡು, ಧೂಳು, ಗ್ರೀಸು ಅದರ ಆಹಾರ. ಬೆಳೆಯುತ್ತ ಅದು ಆಮ್ಲ ಬಿಡುತ್ತದೆ. ಆ ಆಮ್ಲ ಮೊದಲು ಗಾಜಿನ ಮೇಲಿನ ಕೋಟಿಂಗನ್ನು, ಆಮೇಲೆ ಗಾಜನ್ನೇ ತಿನ್ನುತ್ತದೆ. ಬೇಗ ಗೊತ್ತಾದರೆ ಬಿಚ್ಚಿ ತೊಳೆದು ಉಳಿಸಿಕೊಳ್ಳಬಹುದು. ತಡವಾದರೆ ಬೂಷ್ಟು ಹೋದರೂ ಅದರ ಗುರುತು ಗಾಜಿನ ಮೇಲೆ ಉಳಿಯುತ್ತದೆ. ಮಂಗಳೂರು, ಉಡುಪಿ, ಆಗುಂಬೆ, ಮಡಿಕೇರಿಯ ಕಡೆಯಿಂದ ಬಂದ ಲೆನ್ಸನ್ನು ನಾನು ಎರಡೆರಡು ಸಲ ಬೆಳಕಿಗೆ ಹಿಡಿಯುತ್ತೇನೆ. ವಿಜಯಪುರ, ಬಳ್ಳಾರಿ ಕಡೆಯದಾದರೆ ಫಂಗಸ್ಸಿಗಿಂತ ಧೂಳಿನದೇ ಯೋಚನೆ. ಫೋಕಸ್ ರಿಂಗ್ ತಿರುಗಿಸಿದಾಗ ಕರಕರ ಎಂದರೆ ಒಳಗೆ ಮಣ್ಣು ಸೇರಿದೆ ಎಂದೇ ಲೆಕ್ಕ.

ಇದರಲ್ಲಿ ದೊಡ್ಡ ಶತ್ರು ನಾವು ಅಕ್ಕರೆಯಿಂದ ಕಾಪಾಡಿಕೊಂಡ ಚರ್ಮದ ಕೇಸು. ಮಳೆಗಾಲದ ತೇವವನ್ನೆಲ್ಲ ಹೀರಿ, ಅದನ್ನು ವರ್ಷವಿಡೀ ಕ್ಯಾಮೆರಾದ ಮೈಗೆ ಒತ್ತಿ ಹಿಡಿದಿರುವುದು ಆ ಕೇಸೇ. ಕೇಸು ಬೇಕೆನಿಸಿದರೆ ಬೇರೆ ಕಡೆ ಇಡಿ. ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಹಾಕಿ, ಜೆಲ್ಲಿನ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿದರೆ ಸಾಕು. ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಎನ್ನುವ ಮಾತು ಕೇಳಬೇಡಿ, ಅಕ್ಕಿಯ ಹುಡಿ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ಎಲ್ಲಕ್ಕಿಂತ ಒಳ್ಳೆಯ ಉಪಾಯ ಆಗಾಗ ಹೊರಗೆ ತೆಗೆದು ಬಳಸುವುದು. ಬೆಳಕು, ಗಾಳಿ, ಕೈಯ ಓಡಾಟ ಇರುವ ಲೆನ್ಸಿಗೆ ಫಂಗಸ್ ಹಿಡಿಯುವುದು ಅಪರೂಪ.

ನಮ್ಮ ಹವೆಯ ಈ ಕಾಟ ಬ್ರಿಟಿಷರ ಕಾಲದಲ್ಲೇ ಗೊತ್ತಿತ್ತು. ಇಂಗ್ಲೆಂಡಿನ ಕ್ಯಾಮೆರಾ ಕಂಪನಿಗಳು ಭಾರತದಂಥ ದೇಶಗಳಿಗಾಗಿ ‘ಟ್ರಾಪಿಕಲ್’ ಎಂಬ ಬೇರೆಯದೇ ಮಾದರಿ ತಯಾರಿಸುತ್ತಿದ್ದವು. ಮೈ ಸಾಗುವಾನಿ ಮರದ್ದು, ಮೂಲೆಗಳಿಗೆಲ್ಲ ಹಿತ್ತಾಳೆಯ ಪಟ್ಟಿ ಮತ್ತು ತಿರುಪು. ತೇವಕ್ಕೆ ಅಂಟು ಬಿಟ್ಟುಕೊಂಡರೂ ಚೌಕಟ್ಟು ಕಳಚಿ ಬೀಳಬಾರದು ಎಂಬ ಮುಂದಾಲೋಚನೆ ಅದು. ಆ ಹಿತ್ತಾಳೆ, ಆ ಮರ ಇವತ್ತು ಸಂಗ್ರಾಹಕರಿಗೆ ಬಲು ಇಷ್ಟ. ಅಂಥದ್ದೇ ಮರದ ಕ್ಯಾಮೆರಾ ನಮ್ಮ ಪಕ್ಕದ ಕೇರಳದಲ್ಲೂ ತಯಾರಾಗುತ್ತಿತ್ತು. ಆಲಪ್ಪುಳದಲ್ಲಿ ಸಂಗೀತ ವಾದ್ಯಗಳ ಕೆಲಸ ಮಾಡುತ್ತಿದ್ದ ಮನೆತನದ ಕೆ. ಕರುಣಾಕರನ್ ಸ್ಟುಡಿಯೋ ಕ್ಯಾಮೆರಾವೊಂದರ ಬೆಲ್ಲೋಸ್ ಸರಿಪಡಿಸುವುದರಿಂದ ಶುರುಮಾಡಿ, 1940ರ ದಶಕದಲ್ಲಿ ‘ವಾಗೀಶ್ವರಿ’ ಎಂಬ ಕ್ಯಾಮೆರಾವನ್ನೇ ಮಾಡಿದರು. ಹಾರ್ಮೋನಿಯಂ ತಿದಿ ಗೊತ್ತಿದ್ದ ಕೈಗೆ ಕ್ಯಾಮೆರಾದ ತಿದಿ ಒಲಿಯಿತು. ವಿದೇಶಿ ಟ್ರಾಪಿಕಲ್ ಮಾದರಿಗೆ ಹಾತೊರೆಯುವವರು ವಾಗೀಶ್ವರಿ ಸಿಕ್ಕರೆ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕುಶಲಕರ್ಮಿಯ ಕೈಕೆಲಸ ಅದರಲ್ಲಿದೆ.

ಸ್ಟುಡಿಯೋಗಳ ಬಾಗಿಲು ಮುಚ್ಚಿದ ಮೇಲೆ

ಮಾರುಕಟ್ಟೆಗೆ ಈ ಸರಕು ಬರುವುದು ಎಲ್ಲಿಂದ? ದೆಹಲಿಯ ಚಾಂದನಿ ಚೌಕದ ಕೂಚಾ ಚೌಧರಿ ಗಲ್ಲಿ, ಮುಂಬೈನ ಚೋರ್ ಬಜಾರ್, ಕೋಲ್ಕತ್ತದ ಮೆಟ್ರೋ ಗಲ್ಲಿ ಇದಕ್ಕೆ ಹೆಸರಾದವು. ನಮ್ಮಲ್ಲಾದರೆ ಬೆಂಗಳೂರಿನ ಚಿಕ್ಕಪೇಟೆ ಬಳಿ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ನಡೆಯುವ ಸಂಡೇ ಬಜಾರ್. ಗಡಿಯಾರ, ಗ್ರಾಮಫೋನು, ತುಕ್ಕು ಹಿಡಿದ ಸ್ಪ್ಯಾನರುಗಳ ನಡುವೆ ಒಂದೊಂದು ಕ್ಯಾಮೆರಾ ತಲೆ ಎತ್ತಿರುತ್ತದೆ. ಆದರೆ ಇವೆಲ್ಲ ಸರಕು ಕೊನೆಗೆ ಬಂದು ಸೇರುವ ಜಾಗಗಳು. ಅದು ಹೊರಡುವುದು ತಾಲ್ಲೂಕು ಕೇಂದ್ರಗಳ ಸ್ಟುಡಿಯೋಗಳಿಂದ.

ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ, ಪರದೆಯ ಮೇಲೆ ತೋಟ ಅಥವಾ ಅರಮನೆಯ ಚಿತ್ರ ಬರೆಸಿಕೊಂಡು, ಬಾಚಣಿಗೆ, ಪೌಡರ್ ಡಬ್ಬಿ, ಬಾಡಿಗೆ ಕೋಟು ಇಟ್ಟುಕೊಂಡಿದ್ದ ಸ್ಟುಡಿಯೋ ಪ್ರತಿ ಊರಿನಲ್ಲೂ ಇತ್ತು. ಮದುವೆ, ನಾಮಕರಣ, ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ, ಬ್ಯಾಂಕಿನ ಪಾಸ್‌ಬುಕ್ಕಿಗೆ ಪಾಸ್‌ಪೋರ್ಟ್ ಸೈಜು, ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಡಿಜಿಟಲ್ ಬಂದಾಗ ಕೆಲವರು ಕಂಪ್ಯೂಟರ್ ಕಲಿತರು, ಕೆಲವರು ಜೆರಾಕ್ಸ್ ಅಂಗಡಿ ಇಟ್ಟರು, ಕೆಲವರು ಮುಚ್ಚಿದರು. ಕ್ಯಾಮೆರಾ ಮಾತ್ರ ಅಟ್ಟ ಸೇರಿತು. ಇವತ್ತು ಹೋಗಿ ಕೇಳಿದರೆ ಯಜಮಾನರು, ‘ಅಯ್ಯೋ, ಅದಾ ಸಾರ್? ಎಲ್ಲೋ ಬಿದ್ದಿರಬೇಕು, ಮೊಮ್ಮಕ್ಕಳು ಆಟಕ್ಕೆ ತಗೊಂಡಿದ್ರು’ ಎನ್ನುತ್ತಾರೆ. ಏಣಿ ತರಿಸಿ ಅದನ್ನು ಇಳಿಸಿ, ಪಂಚೆಯ ಅಂಚಿನಿಂದ ಒರೆಸಿ, ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ಶಟರ್ ಒತ್ತಿದಾಗ ಅವರ ಮುಖದಲ್ಲಿ ಬರುವ ಕಳೆಗೆ ಬೆಲೆ ಕಟ್ಟಲಾಗದು. ಅಲ್ಲಿ ಚೌಕಾಸಿ ಮಾಡಲು ನನಗಂತೂ ಬಾಯಿ ಬರುವುದಿಲ್ಲ.

ಹಾಗೆ ಇಳಿದು ಬರುವುದು ಬಹುತೇಕ ಯಾಶಿಕಾ. ಮೇಲೊಂದು ಕೆಳಗೊಂದು ಕಣ್ಣಿರುವ, ಎದೆಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾ. ಈ ವಿನ್ಯಾಸಕ್ಕೆ ಮಾದರಿ 1929ರಲ್ಲಿ ಬಂದ ಜರ್ಮನಿಯ ರೋಲೈಫ್ಲೆಕ್ಸ್. ಅದನ್ನು ಕೊಳ್ಳಲಾಗದ ಸ್ಟುಡಿಯೋಗಳಿಗೆ ಜಪಾನಿನ ಯಾಶಿಕಾ ಅನ್ನ ಕೊಟ್ಟಿತು. 1970ರಲ್ಲಿ ಬಂದ ಯಾಶಿಕಾ ಮ್ಯಾಟ್ 124ಜಿ ಇವುಗಳಲ್ಲಿ ಹೆಚ್ಚು ಬೇಡಿಕೆಯದು. 120 ರೋಲಿನಲ್ಲಿ 12 ಫೋಟೋ, ಅದರ ಎರಡರಷ್ಟು ಉದ್ದದ 220 ರೋಲಿನಲ್ಲಿ 24. ಹೆಸರಿನ ಅಂಕಿ ಬಂದದ್ದು ಹಾಗೆ. ಮುಂದಿನ ಲೆನ್ಸು 80 ಎಂ.ಎಂ., ಎಫ್ 3.5. ಅದರಲ್ಲಿ ತೆಗೆದ ಆರು ಸೆಂಟಿಮೀಟರ್ ಚೌಕದ ನೆಗೆಟಿವನ್ನು ಗೋಡೆಯಗಲಕ್ಕೆ ಹಿಗ್ಗಿಸಿದರೂ ಅಜ್ಜಿಯ ಮೂಗುತಿಯ ಹರಳು ಎಣಿಸಬಹುದು.

ಬಳಸಲು ಹೊರಟವರಿಗೆ ಇದರಲ್ಲಿರುವ ತೊಡಕು ಬೆಳಕಿನ ಮೀಟರು. ಅದಕ್ಕೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ಲು ಈಗ ತಯಾರಾಗುವುದಿಲ್ಲ. ಅಂಗಡಿಯಲ್ಲಿ ಅದೇ ಗಾತ್ರದ 1.5 ವೋಲ್ಟಿನ ಸೆಲ್ಲು ಸಿಗುತ್ತದೆ. ಹಾಕಿದರೆ ಮುಳ್ಳು ಆಡುತ್ತದೆ, ಆದರೆ ತಪ್ಪು ಲೆಕ್ಕ ಹೇಳುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ಅಳತೆಯ ಸೆಲ್ಲಿಗೆ ಒಂದು ಸಣ್ಣ ಬಳೆ ತೊಡಿಸಿ ಕೂರಿಸಿದರೆ ಸುಮಾರು 1.4 ವೋಲ್ಟ್ ಸಿಕ್ಕಿ ಮೀಟರು ಸರಿದಾರಿಗೆ ಬರುತ್ತದೆ. ಹಳಬರು ಮೀಟರನ್ನು ನೋಡುತ್ತಲೇ ಇರಲಿಲ್ಲ ಎಂಬುದೂ ನಿಜ. ಬಿಸಿಲು, ನೆರಳು, ಮೋಡ ನೋಡಿ ಎಕ್ಸ್‌ಪೋಶರ್ ಕೂಗಿ ಹೇಳುತ್ತಿದ್ದರು.

ಮನೆಮನೆಗಳಿಂದ ಬರುವ ಕ್ಯಾಮೆರಾಗಳ ಲೋಕ ಬೇರೆ. ಅಲ್ಲಿ ರಾಜ ಆಗ್ಫಾ ಕ್ಲಿಕ್-3. ಮೂಲ ಜರ್ಮನಿಯದಾದರೂ ನಮ್ಮ ಬರೋಡಾದಲ್ಲಿ ತಯಾರಾಗುತ್ತಿತ್ತು. ಮಧ್ಯಮ ವರ್ಗದ ಎಷ್ಟೋ ಮನೆಗಳ ಮೊದಲ ಪ್ರವಾಸದ ಫೋಟೋ ಅದರಲ್ಲೇ ತೆಗೆದದ್ದು. ಇವತ್ತಿಗೂ ಅದಕ್ಕೆ ದೊಡ್ಡ ಬೆಲೆಯಿಲ್ಲ, ಏಕೆಂದರೆ ಅದು ಅಪರೂಪವಲ್ಲ. ಆದರೂ ಹೊಸದಾಗಿ ಶುರುಮಾಡುವವರಿಗೆ ನಾನು ಮೊದಲು ಹೇಳುವ ಹೆಸರು ಅದೇ. ಕಾರಣ ಅದರ ಹೊಟ್ಟೆಗೆ ಬೀಳುವ ರೋಲು. 120 ಫಿಲ್ಮನ್ನು ಕೊಡಾಕ್ ತಂದದ್ದು 1901ರಲ್ಲಿ. ಅದು ಇವತ್ತಿಗೂ ಹೊಸದಾಗಿ ಸಿಗುತ್ತದೆ. 620, 127 ಅಳತೆಯ ಫಿಲ್ಮುಗಳನ್ನು ಕೊಡಾಕ್ 1995ರ ಹೊತ್ತಿಗೆ ನಿಲ್ಲಿಸಿಬಿಟ್ಟಿತು. ಹಾಗಾಗಿ ಕ್ಯಾಮೆರಾ ಎಷ್ಟೇ ಚೆಂದವಿರಲಿ, ಕೊಳ್ಳುವ ಮೊದಲು ಬೆನ್ನು ತೆರೆದು ಯಾವ ರೋಲು ಎಂದು ಕೇಳಿಕೊಳ್ಳಬೇಕು. ಒಂದು ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ನಮ್ಮ ಊರುಗಳಲ್ಲೆಲ್ಲ ಸಿಗುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಆ ಸಾರ್ವಜನಿಕ ಉದ್ದಿಮೆ ಮುಚ್ಚಿಹೋಗಿದೆ. ಈಗ ಬರುವುದೆಲ್ಲ ಆಮದು, ಬೆಲೆಯೂ ಹಾಗೆಯೇ.

ನೂರು ಕೋಟಿಯ ಲೈಕಾ, ಅನಾಥ ಮಕ್ಕಳ ಫೆಡ್

ಹಳೆಯ ಕ್ಯಾಮೆರಾ ಎಂದ ತಕ್ಷಣ ಜನ ಕೇಳುವುದು ಲೈಕಾ. ಅದಕ್ಕೆ ಕಾರಣವೂ ಇದೆ. ಜರ್ಮನಿಯ ವೆಟ್ಜ್ಲಾರಿನಲ್ಲಿ ಆಸ್ಕರ್ ಬಾರ್ನಾಕ್ ಎಂಬ ಎಂಜಿನಿಯರ್ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ ಅಂಗೈಯಗಲದ ಕ್ಯಾಮೆರಾ ಕಟ್ಟಿದರು. 1925ರಲ್ಲಿ ಅದು ಮಾರಾಟಕ್ಕೆ ಬಂತು. ಅದಕ್ಕೂ ಮೊದಲು ಪರೀಕ್ಷೆಗೆಂದು ಎರಡು ಡಜನ್ನಿನಷ್ಟು ಮಾದರಿಗಳನ್ನು ಮಾಡಿದ್ದರು. ಅವುಗಳಲ್ಲಿ ಬಾರ್ನಾಕ್ ಸ್ವತಃ ಬಳಸುತ್ತಿದ್ದ 105ನೇ ಸಂಖ್ಯೆಯದು 2022ರ ಹರಾಜಿನಲ್ಲಿ 1 ಕೋಟಿ 44 ಲಕ್ಷ ಯೂರೋಗೆ ಹೋಯಿತು. ರೂಪಾಯಿ ಲೆಕ್ಕದಲ್ಲಿ ನೂರು ಕೋಟಿಗೂ ಮೀರಿ.

ಇಂಥ ಸುದ್ದಿ ಓದಿದ ಮೇಲೆ ಅಟ್ಟದಲ್ಲಿ ಲೈಕಾ ಸಿಕ್ಕಿತು ಎಂದು ಓಡಿಬರುವವರು ಹೆಚ್ಚುತ್ತಾರೆ. ಅವರ ಕೈಯಲ್ಲಿರುವುದು ಎಷ್ಟೋ ಸಲ ಫೆಡ್ ಅಥವಾ ಝೋರ್ಕಿ, ಅಂದರೆ ಸೋವಿಯತ್ ಒಕ್ಕೂಟದಲ್ಲಿ ಲೈಕಾ ನೋಡಿ ಮಾಡಿದ ಕ್ಯಾಮೆರಾ. ಅದರ ಮೇಲಿನ ರಷ್ಯನ್ ಅಕ್ಷರ ಉಜ್ಜಿ, ಲೈಕಾ ಎಂದು ಕೊರೆದು, ಚಿನ್ನದ ಬಣ್ಣ ಬಳಿದು, ನಾಜಿ ಸೇನೆಯ ಲಾಂಛನವನ್ನೋ 1936ರ ಬರ್ಲಿನ್ ಒಲಿಂಪಿಕ್ಸ್ ಗುರುತನ್ನೋ ಒತ್ತಿ ಮಾರುವುದು ದಶಕಗಳಿಂದ ನಡೆದಿದೆ. ಹಿತ್ತಾಳೆಯ ಹೊಳಪು, ಹದ್ದಿನ ಮುದ್ರೆ, ಬಣ್ಣದ ಚರ್ಮ ಇದ್ದಷ್ಟೂ ನಕಲಿಯ ಅನುಮಾನ ಜಾಸ್ತಿ. ಪತ್ತೆ ಹಚ್ಚುವುದು ಸುಲಭ. ಲೆನ್ಸು ಬಿಚ್ಚಿ ಒಳಗೆ ನೋಡಿ. ಲೆನ್ಸಿನ ಹಿಂಬದಿಗೆ ತಾಗಿ ರೇಂಜ್‌ಫೈಂಡರನ್ನು ಆಡಿಸುವ ತೋಳಿನ ತುದಿಯಲ್ಲಿ ಸಣ್ಣ ಗಾಲಿ ಇದ್ದರೆ ಲೈಕಾ. ಗಾಲಿಯ ಬದಲು ಬೆಣೆಯಂಥ ಲೋಹದ ತುಂಡು ಇದ್ದರೆ ಫೆಡ್ ಅಥವಾ ಝೋರ್ಕಿ.

ನಕಲಿ ಎಂದು ಗೊತ್ತಾದ ಕೂಡಲೇ ಅದನ್ನು ತಾತ್ಸಾರದಿಂದ ಸರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಫೆಡ್‌ನ ಕಥೆ ಲೈಕಾದ ಕಥೆಗಿಂತ ದೊಡ್ಡದು. ಕ್ರಾಂತಿ, ಅಂತರ್ಯುದ್ಧ, ಬರದಲ್ಲಿ ತಂದೆತಾಯಿ ಕಳೆದುಕೊಂಡು ಬೀದಿಪಾಲಾದ ಮಕ್ಕಳಿಗಾಗಿ ಉಕ್ರೇನಿನ ಖಾರ್ಕಿವ್‌ನಲ್ಲಿ ಒಂದು ಶ್ರಮಶಾಲೆ ತೆರೆದಿದ್ದರು. ಶಿಕ್ಷಣತಜ್ಞ ಆಂಟನ್ ಮಕರೆಂಕೊ ಅದರ ಮುಖ್ಯಸ್ಥರಾಗಿದ್ದರು. ಆ ಮಕ್ಕಳ ಕೈಯಿಂದಲೇ 1934ರಲ್ಲಿ ಫೆಡ್ ಕ್ಯಾಮೆರಾಗಳು ಹೊರಬರತೊಡಗಿದವು. ಲೈಕಾದ ಸೂಕ್ಷ್ಮ ಯಂತ್ರವನ್ನು ಬಿಚ್ಚಿ, ಅರಿತು, ಮತ್ತೆ ಕಟ್ಟಿದ ಬೀದಿಯ ಹುಡುಗರು ಅವರು. ಅವರು ಕೆತ್ತಿದ ಅಕ್ಷರವನ್ನೇ ಉಜ್ಜಿ ತೆಗೆದು ಇನ್ನೊಂದು ಹೆಸರು ಹಾಕುವುದು ಕೊಳ್ಳುವವನಿಗಷ್ಟೇ ಮಾಡುವ ಮೋಸವಲ್ಲ.

ಲೆನ್ಸಿಗೆ ಬಂದ ಮರುಜನ್ಮ

ಕ್ಯಾಮೆರಾಗಿಂತ ಲೆನ್ಸಿನ ವ್ಯಾಪಾರ ಈಗ ಜೋರು. ಅದರ ಹಿಂದೆ ಮಿಲಿಮೀಟರುಗಳ ಒಂದು ಲೆಕ್ಕವಿದೆ. ಪ್ರತಿ ಕ್ಯಾಮೆರಾದಲ್ಲೂ ಲೆನ್ಸು ಕೂರುವ ಬಾಯಿಯಿಂದ ಫಿಲ್ಮಿನವರೆಗೆ ಒಂದು ನಿಗದಿತ ದೂರ. ಒಳಗೆ ಕನ್ನಡಿ ಆಡಬೇಕಾದ ಎಸ್‌ಎಲ್‌ಆರ್‌ಗಳಲ್ಲಿ ಈ ದೂರ ಹೆಚ್ಚು: ನಿಕಾನ್‌ನಲ್ಲಿ 46.5 ಎಂ.ಎಂ., ತಿರುಪಿನ ಎಂ42 ಲೆನ್ಸುಗಳಿಗೆ ಸುಮಾರು 45.5. 2008ರಲ್ಲಿ ಪ್ಯಾನಸಾನಿಕ್ ಜಿ1 ಮೂಲಕ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಗಳ ಕಾಲ ಶುರುವಾಯಿತು. ಆಮೇಲೆ ಬಂದ ಸೋನಿಯಲ್ಲಿ ಆ ದೂರ ಬರೀ 18 ಎಂ.ಎಂ. ಉಳಿದ ಜಾಗವನ್ನು ಒಂದು ಟೊಳ್ಳು ಲೋಹದ ಉಂಗುರದಿಂದ ತುಂಬಿದರೆ ಸಾಕು, ಯಾವ ಹಳೆಯ ಲೆನ್ಸೂ ಹೊಸ ಕ್ಯಾಮೆರಾದ ಮೇಲೆ ಕೂರುತ್ತದೆ.

ಕ್ಯಾನನ್ ಎಫ್‌ಡಿ ಲೆನ್ಸುಗಳು ಇದರಿಂದ ಬದುಕಿಕೊಂಡವು. 1987ರಲ್ಲಿ ಕ್ಯಾನನ್ ತನ್ನ ಲೆನ್ಸಿನ ಬಾಯಿಯನ್ನೇ ಬದಲಿಸಿ ಇಒಎಸ್ ತಂದಿತು. ಹಳೆಯ ದೂರ 42 ಎಂ.ಎಂ., ಹೊಸದು 44. ಎರಡು ಮಿಲಿಮೀಟರ್ ಅಂತರದಿಂದಾಗಿ ಎಫ್‌ಡಿ ಲೆನ್ಸುಗಳು ಕಂಪನಿಯ ಸ್ವಂತ ಕ್ಯಾಮೆರಾಗೇ ಹೊಂದದೆ ಅನಾಥವಾದವು. ಇಪ್ಪತ್ತು ವರ್ಷ ಅವುಗಳನ್ನು ಕೇಳುವವರಿರಲಿಲ್ಲ. ಉಂಗುರ ಬಂದದ್ದೇ ತಡ, ಹುಡುಕಾಟ ಶುರುವಾಯಿತು.

ಝೆನಿಟ್ ಕ್ಯಾಮೆರಾದ ಜೊತೆ ಬರುತ್ತಿದ್ದ ಹೀಲಿಯೋಸ್ 44-2ರದು ಇನ್ನೂ ಸೊಗಸಾದ ಪ್ರಸಂಗ. 58 ಎಂ.ಎಂ., ಎಫ್ 2. ಮೂಲ ವಿನ್ಯಾಸ ಜರ್ಮನಿಯ ಝೈಸ್ ಬಯೋಟಾರಿನದು. ಲೆಕ್ಕವಿಲ್ಲದಷ್ಟು ತಯಾರಾದ ಈ ಲೆನ್ಸು ಭಾರತಕ್ಕೂ ಝೆನಿಟ್ ಜೊತೆ ಬಂದಿತ್ತು. ಅಗ್ಗದ ಮಾಲೆಂದು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಅಪರ್ಚರ್ ಪೂರ್ತಿ ತೆರೆದು, ಹಿಂದೆ ಎಲೆಗಳಿರುವ ಕಡೆ ಯಾರನ್ನಾದರೂ ನಿಲ್ಲಿಸಿ ತೆಗೆದರೆ ಹಿನ್ನೆಲೆಯ ಬೆಳಕೆಲ್ಲ ಸುತ್ತ ಸುಳಿಯಾಗಿ ತಿರುಗುತ್ತದೆ. ವಿನ್ಯಾಸಕಾರರ ಕಣ್ಣಿಗೆ ಅದು ದೋಷ. ಆ ದೋಷಕ್ಕಾಗಿಯೇ ಈಗ ಜನ ಅದನ್ನು ಕೊಳ್ಳುತ್ತಾರೆ. 2022ರ ‘ದಿ ಬ್ಯಾಟ್‌ಮನ್’ ಚಿತ್ರದ ಕೆಲವು ಶಾಟ್‌ಗಳಿಗೆ ಛಾಯಾಗ್ರಾಹಕ ಗ್ರೆಗ್ ಫ್ರೇಸರ್ ಈ ಲೆನ್ಸನ್ನು ಬಳಸಿದ ಮೇಲೆ ಬೇಡಿಕೆ ಇನ್ನಷ್ಟು ಏರಿತು. ಹೊಸ ಲೆನ್ಸುಗಳು ಎಲ್ಲ ದೋಷ ತಿದ್ದಿಕೊಂಡು ಒಂದೇ ಥರ ಕಾಣತೊಡಗಿದಾಗ ಮುಖಲಕ್ಷಣ ಇರುವ ಗಾಜಿಗೆ ಮನಸ್ಸು ಹೋಗುವುದು ಸಹಜ.

ಕೆಲವು ಲೆನ್ಸುಗಳು ಹಳದಿಗಟ್ಟಿರುತ್ತವೆ. ಪೆಂಟಾಕ್ಸ್ ಕಂಪನಿಯ ಸೂಪರ್ ಟಾಕುಮಾರ್ 50 ಎಂ.ಎಂ. ಎಫ್ 1.4ರ ಏಳು ಗಾಜಿನ ಮಾದರಿ ಇದಕ್ಕೆ ಹೆಸರುವಾಸಿ. ಬೆಳಕನ್ನು ಹೆಚ್ಚು ಬಾಗಿಸಲೆಂದು ಅದರ ಒಂದು ಗಾಜಿಗೆ ಥೋರಿಯಂ ಬೆರೆಸಿದ್ದರು. ಅದರ ವಿಕಿರಣದಿಂದ ಗಾಜೇ ನಿಧಾನವಾಗಿ ಬಣ್ಣ ಕೆಡುತ್ತದೆ. ವಿಕಿರಣ ಬಲು ಕಡಿಮೆ, ಫೋಟೋ ತೆಗೆಯುವವರಿಗೆ ಭಯವಿಲ್ಲ. ಗಾಜನ್ನು ಒಡೆಯುವುದು, ಉಜ್ಜಿ ಪುಡಿ ಮಾಡುವುದು ಮಾತ್ರ ಕೂಡದು. ಹಳದಿ ಬಣ್ಣ ನೇರಳಾತೀತ ಕಿರಣಕ್ಕೆ ಬಿಡುತ್ತದೆ. ಕೆಲವು ದಿನ ಬಿಸಿಲಲ್ಲಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಆದರೆ ಎರಡೂ ಮುಚ್ಚಳ ತೆಗೆದ ಲೆನ್ಸು ಬಿಸಿಲಿಗೆ ಭೂತಗನ್ನಡಿಯಾಗಿ ಕೆಲಸ ಮಾಡುತ್ತದೆ. ಹಿಂಬದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಬಟ್ಟೆ ಕಾಗದ ಇಲ್ಲದ ಜಾಗದಲ್ಲಿ, ಕಣ್ಣಳತೆಯಲ್ಲೇ ಇಡಬೇಕು.

ಮಾರುವವರ ಮಾತು

ಈ ವ್ಯಾಪಾರ ನಿಂತಿರುವುದು ಮಾರುವವರ ಬಾಯಿಮಾತಿನ ಮೇಲೆ. ‘ವರ್ಕಿಂಗ್ ಕಂಡೀಷನ್’ ಎಂಬ ಎರಡು ಪದಗಳು ಅರ್ಥವೇ ಇಲ್ಲ ಎನ್ನುವಷ್ಟು ಸವೆದಿವೆ. ಶಟರ್ ಸದ್ದು ಮಾಡಿತು ಎಂದ ಮಾತ್ರಕ್ಕೆ ಕ್ಯಾಮೆರಾ ಕೆಲಸ ಮಾಡುತ್ತದೆ ಎಂದಲ್ಲ. ಬೆನ್ನು ತೆರೆದು ಒಂದು ಸೆಕೆಂಡಿಗೆ ಇಟ್ಟು ಒತ್ತಿ: ಒಳಗಿನ ಹಲ್ಲುಗಾಲಿ ಒಂದೇ ಲಯದಲ್ಲಿ ಝೇಂಕರಿಸಿ ಮುಚ್ಚಿಕೊಂಡರೆ ಒಳ್ಳೆಯದು. ತಡವರಿಸಿದರೆ ಗ್ರೀಸು ಗಟ್ಟಿಯಾಗಿದೆ. ಬಟ್ಟೆಯ ಪರದೆಯಿರುವ ಶಟರಾದರೆ ಬೆಳಕಿಗೆ ಹಿಡಿದು ಸೂಜಿತೂತು ಇದೆಯೇ ನೋಡಿ. ಬಾಗಿಲಂಚಿನ ಸ್ಪಂಜನ್ನು ಮುಟ್ಟಿದಾಗ ಬೆರಳಿಗೆ ಕಪ್ಪು ಅಂಟು ಹತ್ತಿದರೆ ಅದನ್ನು ಬದಲಿಸಲೇಬೇಕು, ಇಲ್ಲದಿದ್ದರೆ ಫಿಲ್ಮಿಗೆ ಬೆಳಕು ಸೋರುತ್ತದೆ. ಇಷ್ಟನ್ನು ಮಾರುವವರೇ ಮೊದಲು ನೋಡಿ, ಕಂಡದ್ದನ್ನು ಇದ್ದಂತೆ ಹೇಳಿದರೆ ಕೊಳ್ಳುವವರು ಎರಡನೇ ಸಲವೂ ಬರುತ್ತಾರೆ. ಫಂಗಸ್ ಇದೆ ಎಂದು ಹೇಳಿ ಮಾರಿದ ಲೆನ್ಸು ಯಾವತ್ತೂ ಜಗಳ ತಂದದ್ದನ್ನು ನಾನು ನೋಡಿಲ್ಲ.

ಬೆಲೆಯ ವಿಷಯದಲ್ಲಿ ನನಗೊಂದು ಕಳವಳವಿದೆ. ಸಿನಿಮಾ ತಾರೆಯರು, ಮಾಡೆಲ್‌ಗಳು ಹಿಡಿದ ಕಾರಣಕ್ಕೆ ಕಾಂಟಾಕ್ಸ್ ಟಿ2ರಂಥ ಪುಟ್ಟ ಕ್ಯಾಮೆರಾಗಳ ಬೆಲೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. ಅವು ಒಳ್ಳೆಯ ಕ್ಯಾಮೆರಾಗಳೇ. ಆದರೆ ಒಳಗೆಲ್ಲ ಎಲೆಕ್ಟ್ರಾನಿಕ್ಸ್. ಬಿಡಿಭಾಗ ತಯಾರಾಗುವುದು ನಿಂತು ಎಷ್ಟೋ ಕಾಲವಾಯಿತು. ಒಂದು ತೆಳು ತಂತಿಪಟ್ಟಿ ಸತ್ತರೆ ಲಕ್ಷ ರೂಪಾಯಿಯೂ ಅದರ ಜೊತೆ ಹೋಗುತ್ತದೆ. ಅದೇ ದುಡ್ಡಿನ ಒಂದು ಭಾಗಕ್ಕೆ ಸಿಗುವ ನಿಕಾನ್ ಎಫ್‌ಎಂ2 ಅಥವಾ ಪೆಂಟಾಕ್ಸ್ ಕೆ1000 ಬ್ಯಾಟರಿ ಇಲ್ಲದೆಯೂ ಶಟರ್ ಓಡಿಸುತ್ತವೆ. ಅವು ಕೆಟ್ಟರೆ ಹಲ್ಲುಗಾಲಿ, ಸ್ಪ್ರಿಂಗ್ ಗೊತ್ತಿರುವ ಕೈ ಸಾಕು. ಅಂಥ ಕೈಗಳು ಕಡಿಮೆಯಾಗುತ್ತಿವೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕ್ಯಾಮೆರಾ ರಿಪೇರಿಯ ಹಿರಿಯರೊಬ್ಬರು ನಿಮಗೆ ಗೊತ್ತಿದ್ದರೆ ಕೆಲಸ ಕೊಡಿ, ಕೇಳಿದಷ್ಟು ಕೊಡಿ. ಮಗ್ಗುಲಲ್ಲಿ ಕೂತು ಕಲಿಯುವ ಹುಡುಗರು ಬಂದರೆ ಇನ್ನೂ ಒಳ್ಳೆಯದು. ಪೆಂಟಾಕ್ಸ್ 2024ರಲ್ಲಿ ಮತ್ತೆ ಹೊಸ ಫಿಲ್ಮ್ ಕ್ಯಾಮೆರಾ ತಂದಿರುವಾಗ ಈ ವಿದ್ಯೆಗೆ ಕೆಲಸವಿಲ್ಲ ಎನ್ನುವಂತಿಲ್ಲ.

ಕೊನೆಯದಾಗಿ, ಸಂಗ್ರಾಹಕರೆಲ್ಲರಲ್ಲಿ ಒಂದು ಬೇಡಿಕೆ. ಗುರುಗ್ರಾಮದಲ್ಲಿ ಛಾಯಾಗ್ರಾಹಕ ಆದಿತ್ಯ ಆರ್ಯ ಅವರ ಪ್ರಯತ್ನದಿಂದ 2019ರಲ್ಲಿ ತೆರೆದ ಮ್ಯೂಸಿಯೋ ಕ್ಯಾಮೆರಾದಲ್ಲಿ ಕ್ಯಾಮೆರಾಗಳ ಇತಿಹಾಸವನ್ನು ಕಣ್ತುಂಬ ನೋಡಬಹುದು. ಯಂತ್ರಗಳಿಗೆ ಹಾಗೆ ಆಶ್ರಯ ಸಿಗುತ್ತಿದೆ. ಆ ಯಂತ್ರಗಳು ನೋಡಿದ ಮುಖಗಳಿಗೆ ಸಿಕ್ಕಿಲ್ಲ. ಸ್ಟುಡಿಯೋ ಮುಚ್ಚಿದಾಗ ಕ್ಯಾಮೆರಾ ನಮ್ಮಂಥವರ ಪಾಲಾಗುತ್ತದೆ. ಮೂಟೆಗಟ್ಟಲೆ ನೆಗೆಟಿವ್ ಗುಜರಿಗೆ ಹೋಗುತ್ತದೆ. ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಬೆಳ್ಳಿಯ ಅಂಶವಿದೆ. ಅದನ್ನು ಕರಗಿಸಿ ತೆಗೆಯುವವರಿಗೆ ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಒಂದು ತಾಲ್ಲೂಕಿನ ಮೂರು ತಲೆಮಾರಿನ ಮದುವೆ, ಶಾಲೆ, ಜಾತ್ರೆ, ನಾಟಕ ಕಂಪನಿ, ಹೊಲಗೆಲಸ ಎಲ್ಲವೂ ಹಾಗೆ ಹೋಗಿಬಿಡುತ್ತದೆ.

ಆದ್ದರಿಂದ ಕ್ಯಾಮೆರಾ ಕೇಳಲು ಹೋದಾಗ ನೆಗೆಟಿವ್ ಡಬ್ಬಿಗಳನ್ನೂ, ಗಿರಾಕಿಗಳ ಹೆಸರು ಬರೆದಿಟ್ಟ ರಿಜಿಸ್ಟರನ್ನೂ ಕೇಳಿ. ರಿಜಿಸ್ಟರ್ ಇಲ್ಲದ ನೆಗೆಟಿವ್ ಹೆಸರಿಲ್ಲದ ಮುಖ, ಹಾಗಾಗಿ ಎರಡನ್ನೂ ಬೇರೆ ಮಾಡಬೇಡಿ. ವಿನೆಗರ್ ವಾಸನೆ ಹೊಡೆಯುವ ಫಿಲ್ಮುಗಳನ್ನು ಪ್ರತ್ಯೇಕಿಸಿ, ಆ ಕೊಳೆತ ಪಕ್ಕದವಕ್ಕೂ ಹಬ್ಬುತ್ತದೆ. ಉಳಿದವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಆಮ್ಲವಿಲ್ಲದ ಕಾಗದದ ಲಕೋಟೆಗೆ ಹಾಕಿ, ಮೇಲೆ ಪೆನ್ಸಿಲಿನಿಂದ ಊರು, ಸ್ಟುಡಿಯೋ, ಇಸವಿ ಬರೆಯಿರಿ. ನಿಮಗೆ ಇಡಲು ಜಾಗವಿಲ್ಲದಿದ್ದರೆ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದವರನ್ನು ಕೇಳಿ ನೋಡಿ. ಸ್ಟುಡಿಯೋ ಯಜಮಾನರು ಇನ್ನೂ ಇದ್ದರೆ ಅವರ ಎದುರೇ ಕೂತು, ಒಂದೊಂದನ್ನೂ ಬೆಳಕಿಗೆ ಹಿಡಿದು, ಇವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಆ ಕೆಲಸವನ್ನು ಈ ಮಳೆಗಾಲಕ್ಕೆ ಮೊದಲೇ ಮಾಡಿದರೆ ಒಳ್ಳೆಯದು.